ಸಮುದ್ರ ವಾಪಸ್ ಕೊಟ್ಟ ಕಾಯಿ

"ಬ್ಯಾಗ್ ಕೊಡ್ರಿ ಮೇಡಂ…"

ಟೆಂಪೊ ಟ್ರಾವೆಲರಿನ ನೆತ್ತಿಯ ಮೇಲಿನಿಂದ ಕೆಳಗೆ ಚಾಚಿದ ಆ ಕೈಯನ್ನು ಸಂಘಮಿತ್ರಾ ಮುಖಕ್ಕಿಂತ ಮೊದಲು ಗುರುತಿಸಿದಳು.

ಮಣಿಕಟ್ಟಿನ ಮೇಲೆ ಹಳೆಯ ಸುಟ್ಟ ಕಲೆ. ಬಸ್ಸಿನ ರೇಡಿಯೇಟರ್ ಮುಚ್ಚಳ ತೆಗೆಯುವಾಗ ಬಿಸಿನೀರು ಚಿಮ್ಮಿ ಆದದ್ದು. ಅದಕ್ಕೆ ಮುಲಾಮು ಹಚ್ಚಿ, ಊದಿ, "ಇನ್ಮೇಲೆ ಬಟ್ಟೆ ಹಿಡ್ಕೊಂಡು ತೆಗೀರಿ" ಎಂದು ಬೈದವಳು ಅವಳೇ.

ಅವಳು ತಲೆ ಎತ್ತಿದಳು. ಮೇಲೆ ದುರುಗೇಶ್.

ಅವನೂ ನೋಡಿದ. ಬ್ಯಾಗು ಇಬ್ಬರ ಕೈಗಳ ನಡುವೆ ನೇತಾಡುತ್ತ ಉಳಿಯಿತು…

"ಏನಪ್ಪ ಡ್ರೈವರ್, ತೂಕ ನೋಡ್ತಿದ್ದೀಯೇನು?" ಎಂದರು ಹೆಡ್‌ಮಾಸ್ಟರ್ ಹಾಲೇಶಪ್ಪ. "ಮೇಡಂ ಬ್ಯಾಗ್ನಾಗೆ ಬಟ್ಟೆಗಿಂತ ಪುಸ್ತಕ ಜಾಸ್ತಿ ಇರ್ತವೆ. ಎಳ್ಕೊ ಮ್ಯಾಲಕ್ಕೆ."

ಎಳೆದುಕೊಂಡ.

ಸಂಘಮಿತ್ರಾ ಗಾಡಿ ಹತ್ತಿ ಕಿಟಕಿ ಪಕ್ಕ ಕುಳಿತಳು. *ಇಡೀ ದಾವಣಗೆರೆ ಜಿಲ್ಲೆಯಲ್ಲಿ ಬೇರೆ ಡ್ರೈವರೇ ಇರಲಿಲ್ಲವೇ?*

ಇದ್ದ. ಗೊತ್ತುಮಾಡಿದ್ದ ಡ್ರೈವರಿಗೆ ಹಿಂದಿನ ದಿನ ಜ್ವರ ಬಂದಿತ್ತು. ಯಾರಿಗೋ ಬಂದ ಜ್ವರದಿಂದ ಇನ್ಯಾರದೋ ಮೈ ಸುಡುವುದು ಹೊಸದೇನಲ್ಲ.

ನ್ಯಾಮತಿಯ ಆ ಹೈಸ್ಕೂಲಿನ ಮೇಷ್ಟ್ರುಗಳಿಗೆ ದಸರಾ ರಜೆಯಲ್ಲಿ ಕಡಲು ನೋಡುವ ಆಸೆ ಹುಟ್ಟಿಸಿದವರು ಹಾಲೇಶಪ್ಪನವರು. ಘಟ್ಟ ಇಳಿದು ಮಂಗಳೂರು ಸೇರುವುದು, ಅಲ್ಲಿಂದ ಸಮುದ್ರದ ಪಕ್ಕದಲ್ಲೇ ಕಾರವಾರದ ತನಕ ಹೋಗುವುದು. ಹೋಟೆಲ್ ಊಟ ಒಗ್ಗುವುದಿಲ್ಲವೆಂದು ಒಲೆ, ಸಿಲಿಂಡರ್, ಅಕ್ಕಿ, ಬೇಳೆ, ಒಂದು ಡಬ್ಬಿ ಶೇಂಗಾ ಚಟ್ನಿ, ಇವೆಲ್ಲವುಗಳ ಜೊತೆಗೆ ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಸವಳಂಗದ ದೊಡ್ಡಕ್ಕನನ್ನೂ ತುಂಬಿಕೊಂಡಿದ್ದರು. ನಮ್ಮ ಸೀಮೆಯವರು ಪ್ರವಾಸ ಹೊರಟರೆ ಅಡುಗೆಮನೆಯೂ ಊರು ನೋಡಲು ಹೊರಡುತ್ತದೆ.

ದೊಡ್ಡಕ್ಕ ಬಂದು ಸಂಘಮಿತ್ರಾಳ ಪಕ್ಕವೇ ಕುಳಿತಳು.

"ಡ್ರೈವರ್ ನಮ್ಮ ಹುಡುಗನೇ ಮೇಡಂ, ನನಗೆ ಅಣ್ಣನ ಮಗ ಆಗ್ಬೇಕು. ಹೆದರ್ಕೋಬ್ಯಾಡ್ರಿ, ಚೆನ್ನಾಗಿ ಓಡಿಸ್ತಾನೆ."

"ಗೊತ್ತು" ಎಂದುಬಿಟ್ಟಳು ಸಂಘಮಿತ್ರಾ. ಆಮೇಲೆ ಸಾವರಿಸಿಕೊಂಡು, "ನೋಡಿದ್ರೆ ಗೊತ್ತಾಗ್ತದೆ" ಎಂದಳು.

ಗಾಡಿ ಹೊರಡುವ ಮುನ್ನ ದುರುಗೇಶ್ ಒಳಗನ್ನಡಿಗೆ ಕೈ ಹಾಕಿದ. ಅವನು ಕನ್ನಡಿಯನ್ನು ಮೇಲಕ್ಕೆ, ಗಾಡಿಯ ಚಾವಣಿ ಮಾತ್ರ ಕಾಣುವಷ್ಟು ಮೇಲಕ್ಕೆ ತಿರುಗಿಸಿ ಗೇರ್ ಹಾಕಿದ.

*ಸರಿ… ನನ್ನ ಮುಖ ನೋಡುವ ಹಣೆಬರಹವೂ ನಿಮಗೆ ಬೇಡ…*

ಅಂಥದೇ ಒಂದು ಕನ್ನಡಿಯಲ್ಲಿ ಎಲ್ಲವೂ ಶುರುವಾಗಿತ್ತು.

ಆಗ ಅವಳಿಗೆ ಸವಳಂಗದಲ್ಲಿ ಹೊಸ ನೌಕರಿ, ಹೊನ್ನಾಳಿಯಲ್ಲಿ ಬಾಡಿಗೆ ಕೋಣೆ. ಹೊನ್ನಾಳಿಯಿಂದ ಬರುತ್ತಿದ್ದ ಖಾಸಗಿ ಬಸ್ಸಿಗೆ ಅವನು ಡ್ರೈವರ್. ಡ್ರೈವರ್ ಹಿಂದಿನ ಸೀಟು ಅವಳದು. ಮೊದಲು ಕನ್ನಡಿಯಲ್ಲಿ ಕಣ್ಣು, ಆಮೇಲೆ ನಗು, ಆಮೇಲೆ "ಮೇಡಂ, ಇವತ್ತು ಲೇಟಾಯ್ತಲ್ಲ" ಎಂಬ ಮಾತು. ಒಂದು ದಿನ ಅವಳು ಓಡಿ ಬರುವುದನ್ನು ಕಂಡು ಅವನು ಬಸ್ಸು ನಿಲ್ಲಿಸಿಕೊಂಡೇ ಇದ್ದ. ಪ್ರಯಾಣಿಕರು ಗದ್ದಲ ಮಾಡಿದರೆ "ಇಂಜಿನ್ ಬಿಸಿಯಾಗೈತೆ, ತಡೀರಿ" ಎಂದಿದ್ದ. ಬಿಸಿಯಾದದ್ದು ಇಂಜಿನ್ ಅಲ್ಲವೆಂದು ಇಡೀ ಬಸ್ಸಿಗೆ ಗೊತ್ತಾಗಿತ್ತು.

ಇಬ್ಬರದೂ ಒಂದೇ ಜಾತಿ. ದೇವರ ವಿಷಯದಲ್ಲಿ ಮಾತ್ರ ವ್ಯತ್ಯಾಸ, ಅವನ ಮನೆಯಲ್ಲಿ ಇದ್ದರು, ಇವಳ ಮನೆಯಲ್ಲಿ ಇರಲಿಲ್ಲ. ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪಂಚಾಯಿತಿ ವಾಟರ್‌ಮ್ಯಾನ್ ಆಗಿದ್ದ ಅವಳಪ್ಪ ಬೈಲಪ್ಪ, ಮಗ ಹುಟ್ಟುವಾಗ ದೇವರನ್ನು ನಂಬುತ್ತಿದ್ದ, ಮಗಳು ಹುಟ್ಟುವ ಹೊತ್ತಿಗೆ ಬುದ್ಧನನ್ನು ಮನೆಗೆ ಕರೆತಂದಿದ್ದ. ಹಾಗಾಗಿ ಅಣ್ಣ ಪರಶುರಾಮ್, ತಂಗಿ ಸಂಘಮಿತ್ರಾ. ಒಂದೇ ಮನೆಯ ಇತಿಹಾಸ ಎರಡು ಹೆಸರುಗಳಲ್ಲಿ ಮುಗಿಯಿತು.

ಒಂದು ಭಾನುವಾರ ಹುಡುಗನ ಕಡೆಯವರು ನೋಡಲು ಬರುವುದೆಂದು ನಿಶ್ಚಯವಾಯಿತು. ಅವ್ವ ಇಲ್ಲದ ಮನೆ. ಸಂಘಮಿತ್ರಾ ನಸುಕಿನಲ್ಲೆದ್ದು ಹೋಳಿಗೆ ಬೇಯಿಸಿದಳು. ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತ.

ಮಧ್ಯಾಹ್ನವಾಯಿತು. ಸಂಜೆಯಾಯಿತು.

ಯಾರೂ ಬರಲಿಲ್ಲ…

ಅವಳು ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಸೋಮವಾರ ಬಸ್ಸು ಹತ್ತಿದರೆ ಸ್ಟೇರಿಂಗಿನ ಹಿಂದೆ ಬೇರೆ ಯಾರೋ. "ದುರುಗೇಶಣ್ಣ ದಾವಣಗೆರೆ ರೂಟ್ ಕೇಳಿ ಹಾಕಿಸ್ಕಂಡ" ಎಂದ ಕಂಡಕ್ಟರ್, ಟಿಕೆಟ್ ಹರಿಯುತ್ತ.

ದೇವರಿಲ್ಲದ ಮನೆಯ ಹುಡುಗಿ ಬೇಡವೆಂದು ಬಿಟ್ಟರು. ಅವಳು ಅಂದುಕೊಂಡದ್ದು ಇಷ್ಟೇ. ಆಮೇಲೆ ವರ್ಗ ಮಾಡಿಸಿಕೊಂಡು ನ್ಯಾಮತಿಗೆ ಬಂದಳು. ಹೋದ ವರ್ಷ ಅಪ್ಪನೂ ಹೋದ.

ಈಗ ಅಣ್ಣ ಚನ್ನಗಿರಿಯಲ್ಲಿ ಒಂದು ಗಂಡು ನೋಡಿದ್ದ. ಬ್ಯಾಂಕಿನಲ್ಲಿ ಕೆಲಸ, ಮೆದು ಮಾತು, ತಪ್ಪು ಹುಡುಕಿದರೂ ಸಿಗದಂಥ ಹುಡುಗ. "ಟೂರ್ ಮುಗಿಸ್ಕಂಡು ಬರೋದ್ರೊಳಗೆ ಹೂಂ ಅಂತಾದ್ರೂ ಅನ್ನು, ಉಹೂಂ ಅಂತಾದ್ರೂ ಅನ್ನು" ಎಂದಿದ್ದ ಪರಶುರಾಮ್. ಹೂಂ ಅನ್ನಲು ಮನಸ್ಸನ್ನು ಒಪ್ಪಿಸುವುದಕ್ಕೇ ಅವಳು ಈ ಗಾಡಿ ಹತ್ತಿದ್ದಳು.

ಗಾಡಿ ನಡೆಸುತ್ತಿದ್ದವನು ಬೆನ್ನು ತೋರಿಸಿ ಕುಳಿತಿದ್ದ.

*

ಮೊದಲ ದಿನವೆಲ್ಲ ಘಟ್ಟ, ತಿರುವು, ವಾಂತಿ, ಲಿಂಬೆಹಣ್ಣು. ಮಂಗಳೂರು ಮುಟ್ಟುವಾಗ ಹೊತ್ತು ಇಳಿದಿತ್ತು.

ಸಮುದ್ರವನ್ನು ಮೊದಲ ಸಲ ಕಂಡ ದೊಡ್ಡಕ್ಕ ಸೊಂಟದ ಮೇಲೆ ಕೈ ಇಟ್ಟು ನಿಂತಳು. ಆಮೇಲೆ, "ಇಷ್ಟೊಂದು ನೀರು ಐತೆ, ಒಂದು ಕೊಡ ಕುಡಿಯಾಕೆ ಬರಲ್ಲ ಅಂತೀರಲ್ಲ ಸಾರ್… ಯಾರಿಗೆ ಹೇಳ್ಕಂಬೇಕು ಇದನ್ನ?" ಎಂದಳು.

ಸಂಘಮಿತ್ರಾಳಿಗೆ ಅಪ್ಪ ನೆನಪಾದ. ಜೀವನವೆಲ್ಲ ವಾಲ್ ತಿರುಗಿಸಿ ಓಣಿ ಓಣಿಗೆ ನೀರು ಹಂಚಿದವನು ಇದನ್ನು ನೋಡಿದ್ದರೆ ಏನೆನ್ನುತ್ತಿದ್ದ? ಯಾವ ಓಣಿಯ ವಾಲ್ ಯಾರು ಬಿಟ್ಟು ಹೋದರೋ ಎಂದು ಗಾಬರಿಯಾಗುತ್ತಿದ್ದನೇನೋ.

ನಗು ಬಂತು. ಅದರ ಬೆನ್ನಿಗೇ ಕಣ್ಣು ತುಂಬಿತು. ತಿರುಗಿದರೆ, ಗಾಡಿಗೆ ಒರಗಿ ನಿಂತ ದುರುಗೇಶ್ ಅವಳನ್ನೇ ನೋಡುತ್ತಿದ್ದ. ಕಂಡೊಡನೆ ಬಗ್ಗಿ ಟೈರಿನ ಗಾಳಿ ಪರೀಕ್ಷಿಸಿದ. ಆ ಟೈರಿಗೆ ಬೆಳಗಿನಿಂದ ಅದು ಎಷ್ಟನೆಯ ಪರೀಕ್ಷೆಯೋ.

ಮಾರನೆಯ ದಿನ ಕಡಲ ಪಕ್ಕದ ದಾರಿ. ಕಾಪು ದಾಟಿತು, ಉಡುಪಿ ದಾಟಿತು. ಮರವಂತೆಯಲ್ಲಿ ಒಂದು ಕಡೆ ನದಿ, ಒಂದು ಕಡೆ ಸಮುದ್ರ, ನಡುವೆ ಪಟ್ಟಿಯಂಥ ರಸ್ತೆ. ಎಲ್ಲರೂ ಆ ಕಿಟಕಿಗೂ ಈ ಕಿಟಕಿಗೂ ಓಡಾಡಿದರು. ಸಂಘಮಿತ್ರಾ ಮಾತ್ರ ಮುಂದೆ ನೋಡುತ್ತಿದ್ದಳು. ಅವನ ಕುತ್ತಿಗೆಯ ಹಿಂದೆ ಕೂದಲು ಒಂದೆರಡು ಬೆಳ್ಳಗಾಗಿದ್ದವು.

*ಯಾವಾಗ ಬೆಳ್ಳಗಾದವು ಇವು? ನಾನಿಲ್ಲದ ಹೊತ್ತಿನಲ್ಲಿ…*

ಬೈಂದೂರಿನ ಆಚೆ ಒಂದು ಖಾಲಿ ತೀರ ಕಂಡಿತು. ಅಡುಗೆಗೆ ಇದೇ ಜಾಗ ಎಂದಳು ದೊಡ್ಡಕ್ಕ. ಮೇಲಿನ ಒಣ ಮರಳಿನಲ್ಲಿ ಒಲೆ ಅಲ್ಲಾಡುತ್ತದೆಂದು ಕೆಳಗೆ ಇಳಿದು, ಗಟ್ಟಿಯಾದ ತೇವದ ಮರಳಿನ ಮೇಲೆ ಒಲೆ ಹೂಡಿದಳು.

"ಇಲ್ಲಿ ನೆಲ ಗಚ್ಚು ಹಾಕಿದಂಗೈತೆ ನೋಡ್ರಿ. ನೀರೂ ದೂರ ಹೋಗೈತೆ."

ಯಾರೂ ಬೇಡವೆನ್ನಲಿಲ್ಲ, ವಿಜ್ಞಾನದ ಮೇಷ್ಟ್ರೂ ಸೇರಿ. ನಮ್ಮ ಕಡೆಯವರಿಗೆ ನೀರೆಂದರೆ ಕೆರೆ. ಕೆರೆಯ ನೀರು ಹಿಂದೆ ಸರಿದರೆ ಸರಿಯಿತು, ಮತ್ತೆ ಬರಲು ಮಳೆಗಾಲವೇ ಬೇಕು. ಹೋದ ನೀರು ಅದೇ ಮಧ್ಯಾಹ್ನ ತಿರುಗಿ ಬರುತ್ತದೆಂದು ನ್ಯಾಮತಿಯವರು ಯಾಕೆ ಅಂದುಕೊಂಡಾರು?

ಅನ್ನ ಕುದಿ ಹತ್ತುವಾಗ ಬಂತು. ಮೊದಲು ಒಂದು ಅಲೆ ಒಲೆಯ ಕಾಲು ತೊಳೆದು ಹೋಯಿತು. "ಇದೇನಿದು, ಇಲ್ಲೀತನಕ ಬಂತಲ್ಲ" ಎನ್ನುವಷ್ಟರಲ್ಲಿ ಎರಡನೆಯದು ಒಲೆ ಆರಿಸಿತು. ಹಾಲೇಶಪ್ಪನವರ ಚಪ್ಪಲಿ, ಸೌತೆಕಾಯಿ, ಹಪ್ಪಳದ ಡಬ್ಬಿ ಎಲ್ಲ ಕಾರವಾರದ ಕಡೆ ಹೊರಟವು.

ದುರುಗೇಶ್ ಓಡಿ ಬಂದು ಅನ್ನದ ಪಾತ್ರೆ ಹಿಡಿದ. ಇನ್ನೊಂದು ಬದಿಯನ್ನು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ, ದುಪಟ್ಟಾ ಸುತ್ತಿದ ಕೈಯಿಂದ ಸಂಘಮಿತ್ರಾ ಹಿಡಿದಿದ್ದಳು. ಮೊಣಕಾಲುದ್ದ ನೀರಿನಲ್ಲಿ ಇಬ್ಬರೂ ಎದುರುಬದುರು.

"ಬಿಡ್ರಿ… ಕೈ ಸುಡ್ತದೆ" ಎಂದ.

"ನಿಮಗೆ ಸುಡಲ್ವಾ?"

ಅವನು ಕಣ್ಣಿನಲ್ಲೇ ತನ್ನ ಕೈ ತೋರಿಸಿದ. ಟವೆಲ್ ಸುತ್ತಿಕೊಂಡಿದ್ದ.

"ಬಟ್ಟೆ ಹಿಡ್ಕಂಡೇ ಹಿಡಿದೀನಿ. ಹೇಳಿದ್ರಲ್ಲ ಆವಾಗ…"

*ನಾನು ಹೇಳಿದ ಅಷ್ಟು ಮಾತುಗಳಲ್ಲಿ ಇದೊಂದನ್ನೇ ಯಾಕೆ ಇಟ್ಟುಕೊಂಡಿರಿ?*

ಪಾತ್ರೆಯನ್ನು ಮೇಲೆ ಸಾಗಿಸಿದರು. ಅನ್ನಕ್ಕೆ ಉಪ್ಪು ಜಾಸ್ತಿಯಾಗಿತ್ತು. ಎಲ್ಲರೂ ಸಮುದ್ರವನ್ನು ಬೈಯುತ್ತ ಊಟ ಮಾಡಿದರು. ಅವಳೊಬ್ಬಳು ಏನೂ ಅನ್ನದೆ ಉಂಡಳು.

*

ಸಂಜೆ ಹೊನ್ನಾವರದ ಹತ್ತಿರದ ತೀರದಲ್ಲಿ ದೊಡ್ಡಕ್ಕ ಗಂಗೆಗೆ ಪೂಜೆ ಮಾಡಿದಳು. ಮಧ್ಯಾಹ್ನ ಒಲೆ ಆರಿಸಿದವಳನ್ನು ಸಮಾಧಾನ ಮಾಡದೆ ಮುಂದೆ ಹೋಗುವುದು ಸರಿಯಲ್ಲ ಎಂಬುದು ಅವಳ ಲೆಕ್ಕ. ಅರಿಶಿನ, ಕುಂಕುಮ, ಅಕ್ಕಿ, ಕುಪ್ಪಸದ ಬಟ್ಟೆ ಎಲ್ಲ ಊರಿನಿಂದಲೇ ಬಂದಿದ್ದವು. ಕಾಯಿ ಮುಟ್ಟಿ ನಮಸ್ಕರಿಸಿ ಅಲೆಗೆ ಎಸೆದಳು.

ಅಲೆ ಅದನ್ನು ತಂದು ಅವಳ ಕಾಲ ಬಳಿಯೇ ಇಟ್ಟಿತು.

ಮತ್ತೆ ಎಸೆದಳು. ಮತ್ತೆ ಬಂತು.

"ಅಯ್ಯ… ಬ್ಯಾಡ ಅಂತಾಳಲ್ಲ ಗಂಗವ್ವ" ಎಂದು ದೊಡ್ಡಕ್ಕ ಮುಖ ಸಣ್ಣದು ಮಾಡಿದಳು.

"ಬ್ಯಾಡ ಅಂತಲ್ಲ ಅತ್ತಿ, ಸಮುದ್ರ ಇರೋದೇ ಹಂಗೆ. ಏನು ಕೊಟ್ರೂ ದಂಡಿಗೆ ತಂದು ಹಾಕ್ತದೆ" ಎಂದ ದೂರದಲ್ಲಿ ನಿಂತಿದ್ದ ದುರುಗೇಶ್.

"ನಿನಗೇನು ಗೊತ್ತು ಸುಮ್ಕಿರೋ. ವಾಪಸ್ ಬಂದಿದ್ದು ವಾಪಸ್ ಬಂದಂಗೇ. ಅದನ್ನ ಯಾರೂ ಮುಟ್ಟಬ್ಯಾಡ್ರಿ."

ಆಮೇಲೆ ಹೆಂಗಸರಿಗೆ ಉಡಿ ತುಂಬಲು ಶುರುಮಾಡಿದಳು. ದುರುಗೇಶ್ ಗಾಡಿಯತ್ತ ಹೊರಟುಹೋದ. ಅಕ್ಕಿ, ಎಲೆ ಅಡಿಕೆ, ಬಳೆ ಹಿಡಿದು ಒಬ್ಬೊಬ್ಬರ ಸೆರಗಿಗೆ ಹಾಕುತ್ತ ದೊಡ್ಡಕ್ಕ ಕೊನೆಗೆ ಸಂಘಮಿತ್ರಾಳ ಮುಂದೆ ಬಂದಳು.

ಸಂಘಮಿತ್ರಾ ಕೈ ಮುಗಿದಳು. "ಬೇಜಾರಾಗಬ್ಯಾಡ್ರಿ ದೊಡ್ಡಕ್ಕ… ನಮ್ಮನೇಲಿ ದೇವರ ಮುಂದೆ ಇಟ್ಟಿದ್ದನ್ನ ತಗೊಳಲ್ಲ."

ದೊಡ್ಡಕ್ಕನಿಗೆ ಬೇಜಾರಾಗಲಿಲ್ಲ. ಅವಳ ಮುಖದ ಮೇಲೆ ಬಂದದ್ದು ಬೇರೆಯೇ ಏನೋ.

"ಇದೇ ಮಾತು ಹಿಂದೆ ಒಂದ್ಸಲ ಕೇಳಿದ್ದೆ ಮೇಡಂ. ಹಿಂಗೇ ಕೈ ಮುಗಿದು ಹೇಳಿದ್ರು" ಎಂದು ಮರಳಿನ ಮೇಲೆ ಕುಳಿತಳು. "ನಮ್ಮ ದುರುಗೇಶನ ಮದುವೆ ಮುರಿದಿದ್ದೇ ಆ ಮಾತಿನಿಂದ. ಆಮ್ಯಾಲೆ ಬ್ಯಾರೆ ಹುಡುಗಿ ನೋಡಾಕೂ ಒಪ್ಪಲಿಲ್ಲ ಅವನು."

ಸಂಘಮಿತ್ರಾಳ ಕಾಲ ಕೆಳಗಿನ ಮರಳು ಸರಿಯಿತು. ಅಲೆಯಿಂದಲೋ, ಇನ್ಯಾವುದರಿಂದಲೋ.

"ಹೆಂಗೆ?" ಎಂದಳು. ಅದು ಅವಳ ದನಿಯೇ ಆಗಿರಲಿಲ್ಲ.

"ಯಾವುದೋ ಟೀಚರ್ ಹುಡುಗಿ ಅಂತೆ, ನಾನು ನೋಡಿರಲಿಲ್ಲ. ಹುಡುಗ ಹಟ ಹಿಡಿದ, ಅವನವ್ವ ಗಾದ್ರಮ್ಮ ಒಪ್ಪಿದ್ಲು. ನಮ್ಮ ಮನೆತನದ ಪದ್ಧತಿ ಏನಂದ್ರೆ, ಹುಡುಗಿ ನೋಡಾಕೆ ಹೋಗೋಕೆ ಮುಂಚೆ ಮನೆದೇವರು ಅಂತರಘಟ್ಟಮ್ಮನ ಮುಂದೆ ಇಟ್ಟು ಪೂಜೆ ಮಾಡಿದ ಉಡೀನ ಮುತ್ತೈದೆ ಕೈಯಾಗೆ ಹುಡುಗಿ ಮನೆಗೆ ಕಳಿಸ್ತೀವಿ. ಇಟ್ಕಂಡ್ರೆ ಒಪ್ಪಿಗೆ. ವಾಪಸ್ ಕಳಿಸಿದ್ರೆ ನಿಮ್ಮ ಸಂಬಂಧ ಬ್ಯಾಡ ಅಂತ. ಬಾಯಿಬಿಟ್ಟು ಇಲ್ಲ ಅನ್ನೋ ಕಷ್ಟ ಇಬ್ಬರಿಗೂ ಬ್ಯಾಡ ನೋಡ್ರಿ, ಅದಕ್ಕೆ. ನಾನೇ ತಗಂಡು ಹೋಗಿದ್ದೆ, ಜಗಳೂರು ಕಡೆ. ವಾಟರ್‌ಮ್ಯಾನ್ ಮನೆ. ಗ್ವಾಡೆ ಮ್ಯಾಲೆ ಬುದ್ಧನ ಫೋಟ. ಹುಡುಗಿ ಕೆಲಸದ ಊರಾಗಿದ್ಲು, ಯಜಮಾನ್ರು ಒಬ್ಬರೇ ಇದ್ರು. ಚಾ ಮಾಡಿ ಕೊಟ್ರು ಪಾಪ, ಒಳ್ಳೇ ಮನುಷ್ಯ. ಉಡಿ ಮಾತ್ರ ಕೈ ಮುಗಿದು ವಾಪಸ್ ಕೊಟ್ರು."

"ಏನಂದ್ರು?"

"ಅದೇ, ದೇವರ ಮುಂದೆ ಇಟ್ಟಿದ್ದು ತಗೊಳಲ್ಲ ಅಂತ. ಮ್ಯಾಲೆ ಏನೋ ಅಂದ್ರು. ಉಡೀನೇ ವಾಪಸ್ ಬಂದಮ್ಯಾಲೆ ಮಾತು ಯಾರಿಗೆ ಬೇಕು?"

"ದೊಡ್ಡಕ್ಕ." ಸಂಘಮಿತ್ರಾ ಅವಳ ಎರಡೂ ಕೈ ಹಿಡಿದುಕೊಂಡಳು. "ಏನಂದ್ರು? ನೆನಪು ಮಾಡ್ಕೊಳ್ರಿ."

ದೊಡ್ಡಕ್ಕ ಆ ಹಿಡಿತಕ್ಕೆ ಬೆದರಿ ಯೋಚಿಸಿದಳು.

"'ಇದು ಬ್ಯಾಡಮ್ಮ, ತಪ್ಪು ತಿಳೀಬ್ಯಾಡ್ರಿ. ಭಾನುವಾರ ಎಲ್ಲಾರೂ ಊಟಕ್ಕೆ ಬರ್ರಿ' ಅಂದ್ರು. ಉಪಚಾರಕ್ಕೆ ಅಂದಿರ್ತಾರೆ ಅಂತ ನಾನು ಮನೇಲಿ ಹೇಳಾಕೂ ಹೋಗಲಿಲ್ಲ. ಗಾದ್ರಮ್ಮ ಮೂರು ದಿನ ಉಂಡಿರಲಿಲ್ಲ, ಅಂಥಾದ್ರಾಗೆ ಊಟದ ಮಾತು ಹೆಂಗೆ ಎತ್ತಲಿ…"

ಸಂಘಮಿತ್ರಾ ಎದ್ದಳು. ನೀರಿನ ಕಡೆ ನಡೆದಳು.

ಬಿಳಿ ಅಂಗಿ. ಕಟ್ಟೆ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದ ಅಪ್ಪ. "ಹೋಳಿಗೆ ಬಿಸಿ ಇರ್ಲಿ ಮಗಾ, ಬಂದೇ ಬರ್ತಾರೆ, ನಾನು ಕರೆದೀನಿ." ಹೌದು, ಆ ಮಾತನ್ನು ಅವನು ಆ ದಿನವೇ ಹೇಳಿದ್ದ. ಯಾವಾಗ ಕರೆದೆ ಎಂದು ಅವಳು ಕೇಳಿರಲಿಲ್ಲ. ಉಡಿಯ ಆ ಪದ್ಧತಿ ಗೊತ್ತಿಲ್ಲದ ಅಪ್ಪನಿಗೆ ಅದನ್ನು ಹೇಳಬೇಕೆಂದು ಹೊಳೆದೂ ಇರಲಿಲ್ಲ.

ಕೊನೆಯ ದಿನಗಳಲ್ಲಿ, ಆಸ್ಪತ್ರೆಯ ಮಂಚದ ಮೇಲೆ, ಅಪ್ಪ ಕೇಳಿದ್ದ: "ಆ ಹುಡುಗ ಬರಲಿಲ್ಲವಲ್ಲ… ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲಪ್ಪ. ಅವರೇ ಸರಿ ಇರಲಿಲ್ಲ" ಎಂದಿದ್ದಳು.

ಅಪ್ಪ ಅದನ್ನೇ ನಂಬಿ ಹೋದ. ತಪ್ಪು ಮಾಡದವನು, ತಪ್ಪು ಮಾಡದವರನ್ನು ತಪ್ಪಿತಸ್ಥರೆಂದು ನಂಬಿ ಹೋದ…

ಉಪ್ಪು ನೀರು ಕಾಲಿಗೆ ಬಡಿಯುತ್ತಿತ್ತು. ಅಳುವುದಕ್ಕೆ ಇಷ್ಟು ಅನುಕೂಲವಾದ ಜಾಗ ಇನ್ನೊಂದಿಲ್ಲ. ಎಷ್ಟು ಅತ್ತರೂ ಯಾರಿಗೂ ಕಾಣುವುದಿಲ್ಲ, ಯಾರಿಗೂ ಕೇಳುವುದಿಲ್ಲ.

*

ಮೂರನೆಯ ದಿನ ಅಂಕೋಲಾ ದಾಟಿದ ಮೇಲೆ ಚಹಾಕ್ಕೆಂದು ನಿಲ್ಲಿಸಿದರು. ಎಲ್ಲರೂ ಅಂಗಡಿಗೆ ಹೋದರು. ದುರುಗೇಶ್ ಬಾಟಲಿಯ ನೀರಿನಿಂದ ಗಾಜು ತೊಳೆಯುತ್ತಿದ್ದ. ಸಂಘಮಿತ್ರಾ ಅವನ ಬಳಿ ಹೋಗಿ ನಿಂತಳು.

"ಫೋನ್ ಯಾಕೆ ಎತ್ತಲಿಲ್ಲ?"

ಕೈ ನಿಂತಿತು. ಯಾವ ಫೋನ್ ಎಂದು ಅವನು ಕೇಳಲಿಲ್ಲ.

"ಎತ್ತಿದ್ರೆ ಏನಂತಿದ್ರಿ? 'ತಪ್ಪು ತಿಳ್ಕೋಬೇಡಿ ದುರುಗೇಶ್, ಮನೇಲಿ ಒಪ್ಪಲಿಲ್ಲ' ಅಂತಿದ್ರಿ. ನಿಮ್ಮ ಬಾಯಿಂದ ಅದನ್ನ ಕೇಳಾಕೆ ನನಗೆ ಧೈರ್ಯ ಇರಲಿಲ್ಲ."

"ಉಡಿ ಬಂದು ವಾಪಸ್ ಹೋದದ್ದು ನನಗೆ ಗೊತ್ತಾಗಿದ್ದು ನಿನ್ನೆ."

ಅವನು ತಿರುಗಿ ನೋಡಿದ.

"ನಿನ್ನೆ ಸಂಜೆ. ನಿಮ್ಮತ್ತೆ ಬಾಯಿಂದ. ಆ ಹುಡುಗಿ ನಾನೇ ಅಂತ ಅವರಿಗೆ ಗೊತ್ತೂ ಇಲ್ಲ." ಅವಳು ನಿಲ್ಲಿಸಲಿಲ್ಲ. "ಅಪ್ಪ ದೇವರ ಮುಂದಿಟ್ಟಿದ್ದು ಯಾರ ಮನೇದನ್ನೂ ತಗೊಳ್ತಿರಲಿಲ್ಲ. ಸ್ವಂತ ಅಕ್ಕನ ಮನೇದೂ ತಗೊಳ್ತಿರಲಿಲ್ಲ. ಉಡಿ ಬೇಡ ಅಂದ್ರು. ನಿಮ್ಮನ್ನ ಬೇಡ ಅನ್ನಲಿಲ್ಲ. ಭಾನುವಾರ ಊಟಕ್ಕೆ ಬರ್ರಿ ಅಂದಿದ್ರು."

"ಯಾರನ್ನ?"

"ನಿಮ್ಮನ್ನ. ನಿಮ್ಮವ್ವನ್ನ. ಎಲ್ಲಾರನ್ನೂ. ಹೋಳಿಗೆ ಮಾಡಿದ್ದೆ. ಅಪ್ಪ ಬಿಳಿ ಅಂಗಿ ಹಾಕ್ಕೊಂಡು ಹೊತ್ತು ಮುಳುಗೋ ತನಕ ಕಟ್ಟೆ ಮೇಲೆ ಕೂತಿದ್ರು…"

ದುರುಗೇಶ್ ಗಾಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತ. ಬಾಟಲಿ ಮಗುಚಿ ನೀರೆಲ್ಲ ಹರಿದುಹೋಯಿತು, ಎತ್ತಲಿಲ್ಲ.

"ಒಂದ್ಸಲ ಮದುವೆ ಟ್ರಿಪ್ ಹೊಡ್ಕಂಡು ನಿಮ್ಮೂರ ಮೇಲೆ ಹಾದು ಹೋಗಿದ್ದೆ" ಎಂದ. "ನಿಮ್ಮಪ್ಪ ರೋಡ್ ಪಕ್ಕ ವಾಲ್ ತಿರುವ್ತಿದ್ರು. ಫೋಟೋದಾಗೆ ನೋಡಿದ್ರಲ್ಲ ನನ್ನ… ಕೈ ಎತ್ತಿದ್ರು. ಗುರುತು ಹಿಡಿದು ಎತ್ತಿದ್ರೋ, ದೊಡ್ಡ ಗಾಡಿ ಅಂತ ಎತ್ತಿದ್ರೋ. ನಾನು ಗೇರ್ ಬದಲಾಯಿಸಿ ಮುಂದೆ ಹೋದೆ."

ಅವಳು ಕಣ್ಣು ಮುಚ್ಚಿದಳು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸಲಿಲ್ವಾ ನಿಮಗೆ?"

"ದಿನಾ ಅನ್ನಿಸ್ತು."

"ಮತ್ತೆ?"

"ಸವಳಂಗದಾಗೆ ನಮ್ಮ ಮನೆ ಎಲ್ಲೈತೆ ಅಂತ ನಿಮಗೂ ಗೊತ್ತಿತ್ತು…"

"ನಾನು ಬರ್ಬೇಕಿತ್ತಾ?" ಸಿಟ್ಟು ಉಕ್ಕಿ ಬಂತು ಅವಳಿಗೆ. ಎಷ್ಟೋ ಕಾಲದ ಸಿಟ್ಟು, ಹಳತಾದರೂ ಕೆಟ್ಟಿರಲಿಲ್ಲ. "ಕಾದು ಕೂತೋಳು ನಾನು. ನಾನೇ ಬರ್ಬೇಕಿತ್ತಾ?"

"ಇಲ್ಲ" ಎಂದ ಅವನು ತಲೆ ಬಗ್ಗಿಸಿ. "ನಾನು ಬರ್ಬೇಕಿತ್ತು. ಉಡಿ ವಾಪಸ್ ಬಂದ್ರೂ ನಾನು ಬರ್ಬೇಕಿತ್ತು."

ಹಾಲೇಶಪ್ಪನವರು ಅಂಗಡಿಯಿಂದಲೇ ಕೂಗಿದರು. "ಮೇಡಂ, ಚಾ ಆರ್ತೈತೆ ನೋಡ್ರಿ."

ಆರಿತು. ಇಬ್ಬರೂ ಕುಡಿಯಲಿಲ್ಲ.

ಮತ್ತೆ ಗಾಡಿ ಹೊರಡುವಾಗ ದುರುಗೇಶ್ ಒಳಗನ್ನಡಿಗೆ ಕೈ ಹಾಕಿದ. ನಿಧಾನವಾಗಿ ಕೆಳಕ್ಕೆ ತಿರುಗಿಸಿದ. ಕನ್ನಡಿಯಲ್ಲಿ ಎರಡು ಕೆಂಪು ಕಣ್ಣುಗಳು ಮೂಡಿದವು. ಅವನು ಅಳುವುದನ್ನು ಸಂಘಮಿತ್ರಾ ಮೊದಲ ಸಲ ನೋಡಿದಳು. ಮುಖ ತಿರುಗಿಸಬೇಕೆನಿಸಿತು, ತಿರುಗಿಸಲಿಲ್ಲ.

ದೊಡ್ಡಕ್ಕ ಕನ್ನಡಿಯನ್ನು ನೋಡಿದಳು. ಪಕ್ಕದ ಸೀಟನ್ನು ನೋಡಿದಳು. ಮತ್ತೆ ಕನ್ನಡಿಯನ್ನು ನೋಡಿದಳು.

"ಮೇಡಂ…" ಎಂದಳು ಮೆಲ್ಲಗೆ. "ನಿಮ್ಮ ತಂದೆಯವರು ಏನು ಕೆಲಸ ಮಾಡ್ತಿದ್ರು?"

"ವಾಟರ್‌ಮ್ಯಾನ್."

ದೊಡ್ಡಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾರವಾರ ಬರುವ ತನಕ ಮಾತಾಡಲಿಲ್ಲ. ಅವಳನ್ನು ಬಲ್ಲವರಿಗೆ ಅದು ಸಣ್ಣ ಸಂಗತಿಯಲ್ಲ.

*

ಕಾರವಾರದ ತೀರದಲ್ಲಿ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಅಣ್ಣನ ಫೋನ್ ಬಂತು.

"ಹೆಂಗೈತೆ ಟೂರ್? ಚನ್ನಗಿರಿಯೋರು ಕೇಳ್ತಾವ್ರೆ ಮಿತ್ರಾ. ಏನ್ ಹೇಳಲಿ?"

ಸಂಘಮಿತ್ರಾ ಸಮುದ್ರವನ್ನು ನೋಡಿದಳು. ಎರಡು ದಿನ ಪಕ್ಕದಲ್ಲೇ ಬಂದಿತ್ತು. ಒಮ್ಮೊಮ್ಮೆ ತೆಂಗಿನ ಸಾಲಿನ ಹಿಂದೆ ಮರೆಯಾಗುತ್ತಿತ್ತು, ಇನ್ನು 'ಮುಗಿಯಿತು' ಎನ್ನುವಷ್ಟರಲ್ಲಿ ಮತ್ತೆ ಕಾಣುತ್ತಿತ್ತು.

"ಬೇಡ ಅಣ್ಣ."

"ಯಾಕೆ? ಏನು ಕಮ್ಮಿ ಐತೆ ಆ ಹುಡುಗಂಗೆ?"

"ಏನೂ ಕಮ್ಮಿ ಇಲ್ಲ, ಅದಕ್ಕೇ. ಅಷ್ಟು ಒಳ್ಳೆಯವರಿಗೆ ಅರ್ಧ ಮನಸ್ಸಿನೋಳನ್ನ ಕೊಡಬಾರದು. ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ."

"ಅಪ್ಪ ಇದ್ದಿದ್ರೆ ಏನಂತಿದ್ನೋ" ಎಂದ ಅಣ್ಣ.

"ಅಪ್ಪ ಅಂದಿದ್ದು ಬಂದಮೇಲೆ ಹೇಳ್ತೀನಿ. ಬರೋ ಭಾನುವಾರ ಎಲ್ಲೂ ಹೋಗಬೇಡ. ಅಪ್ಪನ ಬಿಳಿ ಅಂಗಿ ಪೆಟ್ಟಿಗೇಲಿ ಐತೆ, ತೆಗೆದು ಇಸ್ತ್ರಿ ಮಾಡಿಸಿ ಇಡು."

"ಯಾರು ಹಾಕ್ಕೊಳ್ಳೋದು ಅದನ್ನ?"

"ನೀನು. ಕಟ್ಟೆ ಮೇಲೆ ಯಾರಾದ್ರೂ ಕೂರ್ಬೇಕಲ್ಲ."

ಫೋನ್ ಇಟ್ಟು ಗಾಡಿಯ ಕಡೆ ನಡೆದಳು. ದುರುಗೇಶ್ ಬಾಗಿಲ ಬಳಿ ಒಬ್ಬನೇ ನಿಂತಿದ್ದ. ಸ್ಟೇರಿಂಗಿನ ಮುಂದೆ, ಗಾಜಿನ ಹತ್ತಿರ, ಒಂದು ತೆಂಗಿನಕಾಯಿ. ಜುಟ್ಟಿನಲ್ಲಿ ಇನ್ನೂ ಮರಳಿತ್ತು.

"ಇದು…"

"ಅತ್ತಿ ಎಸೆದಿದ್ದು. ಎಲ್ಲಾರೂ ಬಿಟ್ಟು ಬಂದ್ರು. ನನಗೆ ಬಿಟ್ಟು ಬರಾಕೆ ಮನಸ್ಸಾಗಲಿಲ್ಲ, ತಿರುಗಿ ಹೋಗಿ ತಗಂಡು ಬಂದೆ."

"ದೇವರ ಮುಂದೆ ಇಟ್ಟಿದ್ದಾ?"

"ಸಮುದ್ರಕ್ಕೆ ಕೊಟ್ಟಿದ್ದು. ಸಮುದ್ರ ವಾಪಸ್ ಕೊಡ್ತು."

"ಹಂಗಾದ್ರೆ ಈಗ ಅದು ಬರೀ ಕಾಯಿ."

"ಹೂಂ. ಬರೀ ಕಾಯಿ."

"ನಿಮ್ಮಪ್ಪ ಇದನ್ನ ತಗೊಳ್ತಿದ್ರಾ?" ಎಂದು ಅವನು ಕೇಳಲಿಲ್ಲ. ಅವನ ಮುಖ ಕೇಳಿತು. ಅವಳು ಅದಕ್ಕೆ ಉತ್ತರವಾಗಿ ದುಪಟ್ಟಾದ ಎರಡೂ ತುದಿ ಹಿಡಿದು ಮುಂದೆ ಚಾಚಿದಳು.

ದುರುಗೇಶ್ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಮರಳು ಒರೆಸಿ, ಅವಳ ಮಡಿಲಿಗೆ ಇಟ್ಟ.

ಅಷ್ಟು ಭಾರವಿತ್ತು ಅದು. ಇಬ್ಬರೂ ಮಾತಾಡದೆ ಕಳೆದ ಕಾಲವೆಲ್ಲ ನೀರಾಗಿ ಅದರೊಳಗೆ ತುಂಬಿದ್ದಂತೆ.

"ಬರೋ ಭಾನುವಾರ ಊಟಕ್ಕೆ ಬರ್ರಿ" ಎಂದಳು. ಕಣ್ಣೀರು ಕೆನ್ನೆ ಮೇಲೆ ಇಳಿದದ್ದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನಿಮ್ಮವ್ವನ್ನೂ ಕರ್ಕೊಂಡು ಬರ್ರಿ. ಎಲ್ಲಾರೂ ಬರ್ರಿ."

"ಬಹಳ ತಡ ಆಯ್ತಲ್ಲ ಮಿತ್ರಾ…" ಅವನು ಆ ಹೆಸರಿನಿಂದ ಎಷ್ಟೋ ಕಾಲದ ಮೇಲೆ ಕರೆದ. "ಹೋಳಿಗೆ ಆರಿ ಹೋಗಿರ್ತವೆ."

"ಆರಿದ್ರೂ ತಿನ್ಬೇಕು."

"ತಿಂತೀನಿ" ಎಂದ ದುರುಗೇಶ್. "ಮೊದಲನೇದನ್ನ ನಿಮ್ಮಪ್ಪನ ಫೋಟೋ ಮುಂದೆ ಕೂತ್ಕಂಡು ತಿಂತೀನಿ."